ರಿಡಲ್

ಮೊರೆಕ್ಯಾಂಬ್ ಕೊಲ್ಲಿ. ನೀರು ಇಳಿದು ಕಣ್ಣು ಹಾಯುವಷ್ಟು ದೂರ
ಬರೀ ಮರಳು. ಐವತ್ತಾರನೇ ಇಸವಿಯ ಮಾರ್ಚ್.
ನನ್ನ ಬಗಲಲ್ಲಿ ವಿಶ್ವವಿದ್ಯಾಲಯ ಕಟ್ಟಿಕೊಟ್ಟ ಪ್ರಶ್ನೆಗಳ ಕಂತೆ:
"ಇದಕ್ಕೆ ನಿಮ್ಮ ಕಡೆ ಏನಂತೀರಿ?"
ಮುದುಕರ ಬಾಯಿಂದ ಮಾತು ಹೆಕ್ಕುವ ಕೆಲಸ,
ಸಂಬಳ ಕಮ್ಮಿ, ಬಸ್ ಖರ್ಚು ಬೇರೆ ಕೊಡುತ್ತಿದ್ದರು.

ಮೇವಿಸ್ ಥ್ವೇಟ್ ಕುದುರೆಗಾಡಿಯ ಪಕ್ಕ ಮಂಡಿಯೂರಿದ್ದಳು,
ಕಾಕಲ್ ಚಿಪ್ಪು ಆಯುತ್ತ.
ಮೂರು ಹಲ್ಲಿನ ಈ ಕೊಕ್ಕೆ? "ಕ್ರಾಮ್."
ಮರಳ ಮೇಲೆ ತೂಗಿ ತೂಗಿ ಚಿಪ್ಪೆಬ್ಬಿಸುವ ಹಲಗೆ? "ಜಂಬೊ."
ಈ ತಂತಿಯ ಜರಡಿ?
ತಲೆಯೆತ್ತಿ ನೋಡಿದಳು,
ನೀರಿಗೆ ಏನಂತಾರೆ ಎಂದು ಕೇಳಿದವನನ್ನು ನೋಡುವಂತೆ.
"ರಿಡಲ್. ಮತ್ತಿನ್ನೇನಂತಾರೆ?"

ಬರೆದುಕೊಂಡೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು.
ಇಪ್ಪತ್ತಾರರ ವಯಸ್ಸು, ಹೊಸ ಬೂಟು, ಬಾಯಿ ನಿಲ್ಲಲಿಲ್ಲ:
ಅದು ಎರಡು ಪದ, ಮಿಸೆಸ್ ಥ್ವೇಟ್. ಒಂದೇ ಹೆಸರಿನ ಇಬ್ಬರು,
ರಕ್ತಸಂಬಂಧ ಇಲ್ಲ.
ನಿಮ್ಮ ಕೈಲಿರುವ ಜರಡಿಗೆ ಹಿಂದೆ ಹ್ರಿಡಲ್ ಅಂತಿದ್ದರು,
ತಲೆಯ ಮೇಲಿನ ಹಕಾರ ದಾರಿಯಲ್ಲೆಲ್ಲೋ ಬಿದ್ದುಹೋಯಿತು.
ಒಗಟು ಎಂಬ ರಿಡಲ್ ಬೇರೆ ಮನೆಯ ಕೂಸು,
ಓದು ಎಂಬ ಪದದ ಹೊಟ್ಟೆಯಲ್ಲಿ ಹುಟ್ಟಿದ್ದು.
ಓದು ಅಂದರೆ ಆಗ ಪುಸ್ತಕ ಮಾತ್ರ ಅಲ್ಲ,
ಬುದ್ಧಿ ಹೇಳುವುದು, ಕನಸಿಗೆ ಅರ್ಥ ಹಚ್ಚುವುದು.
ಅದರ ಕೊನೆಗೆ ಒಂದು ಸಕಾರವಿತ್ತು. ಜನ ಅದನ್ನು
ಬಹುವಚನ ಅಂದುಕೊಂಡರು,
ಒಂದೇ ಒಗಟಿಗೆ ಬಾಲವೇಕೆಂದು ಕಿತ್ತೆಸೆದರು.

"ಹಂಗಾದ್ರೆ ಇದರ ತಲೆ ಹೋತು, ಅದರ ಬಾಲ ಹೋತು,
ಉಳಿದದ್ದು ಒಂದೇ ಅಳತೆ" ಅಂದಳು.
ಜರಡಿಯನ್ನು ಎರಡು ಸಲ ಕುಲುಕಿದಳು.
ದೊಡ್ಡವು ಗಲಗಲ ಎಂದು ಉಳಿದವು,
ಚಿಕ್ಕವು ಮರಳಿಗೆ ಮರಳಿದವು.

"ಇನ್ನೂ ಒಂದಿದೆ. ಅದು ಯಾರ ಮನೇದು?
ಜನವರಿಯಲ್ಲಿ ಲ್ಯಾಂಕಾಸ್ಟರ್ ಡಾಕ್ಟರು
ಫೋಟೋ ಬೆಳಕಿಗೆ ಹಿಡಿದು ಅಂದ್ರು:
ನಿಮ್ಮ ಕ್ಲಿಫರ್ಡ್ ಎದೆ ಪೂರ್ತಿ ರಿಡಲ್ಡ್.
ನಾನು ಬಸ್ಸಲ್ಲಿ ಬರ್ತಾ ಯೋಚಿಸ್ತಾನೇ ಇದ್ದೆ,
ಜರಡಿಯೋ, ಒಗಟೋ?"

ಉತ್ತರ ನನ್ನ ನಾಲಿಗೆ ಮೇಲಿತ್ತು. ಒಂದೇ ಸಾಲಿನ ಉತ್ತರ.
ಪೆನ್ಸಿಲ್ ಚೂಪು ಮಾಡಿದೆ, ಚೂಪಾಗಿಯೇ ಇತ್ತು.
ಅಷ್ಟರಲ್ಲಿ ಕುದುರೆ ಕಿವಿ ನಿಮಿರಿಸಿತು,
ಅವಳೂ. ನನಗೆ ಏನೂ ಕೇಳಿಸಲಿಲ್ಲ.
"ನೀರು ಬರ್ತಿದೆ, ಗಾಡಿ ಹತ್ತು" ಅಂದಳು.

ಮನೆಯಲ್ಲಿ ಹಂಡೆನೀರು ಮರಳುತ್ತಿತ್ತು.
ಕ್ಲಿಫರ್ಡ್ ಒಲೆಯ ಮುಂದೆ ಸ್ಟೂಲಿನ ಮೇಲೆ,
ಕಂಬಿ ಅಲ್ಲಾಡಿಸಿ ಬೂದಿ ಉದುರಿಸುತ್ತಿದ್ದ.
ಇದಕ್ಕೆ ಏನಂತೀರಿ, ಕೇಳಬೇಕಿತ್ತು, ಕಂತೆಯಲ್ಲಿತ್ತು ಪ್ರಶ್ನೆ.
ಕೇಳಲಿಲ್ಲ. ಗೊತ್ತಿತ್ತು, ಅದಕ್ಕೂ ಅದೇ ಹೆಸರು.

"ಮೇಷ್ಟ್ರೇ, ಪದ ಬೇಕಂತೆ ನಿಮಗೆ. ಇದನ್ನು ಒಡೀರಿ ನೋಡೋಣ" ಎಂದ
ಕೆಮ್ಮಿನ ನಡುವೆ, ತುಂಡು ತುಂಡಾಗಿ:
ದೊಡ್ಡೋರ ಹಿಡಿದಿಡ್ತು, ಚಿಕ್ಕೋರ ಬಿಟ್ಟುಬಿಡ್ತು,
ತಿಂದದ್ದು ನಿಲ್ಲದು, ಹೊಟ್ಟೆ ತುಂಬದು,
ತೂತೇ ಬಂಡವಾಳ. ಏನದು?

ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದು
ಉತ್ತರ ತೊಟತೊಟ ತೊಟ್ಟಿಕ್ಕುತ್ತಿತ್ತು.
ಮೇವಿಸ್ ನನ್ನ ಮುಖವನ್ನೇ ನೋಡುತ್ತಿದ್ದಳು.
"ಹೊಳೀತಿಲ್ಲ. ಯೋಚಿಸಿ ಬರೀತೀನಿ" ಅಂದೆ.
ಅವನು ಕುಣಿದಾಡುವಷ್ಟು ನಕ್ಕ.
ಇಷ್ಟು ಓದಿ ಇದು ಬರೋಲ್ವಂತೆ ಇವನಿಗೆ!

ಲೀಡ್ಸಿನ ಕಪಾಟಿನಲ್ಲಿ ಆ ಚೀಟಿ ಈಗಲೂ ಇದೆ.
ಪದದ ಜಾಗದಲ್ಲಿ ಪದ. ಅರ್ಥದ ಜಾಗದಲ್ಲಿ ಒಂದು, ಎರಡು,
ಮೂರು ಎಂದು ಬರೆದು ಮುಂದೆ ಏನೂ ಬರೆದಿಲ್ಲ.

ಜೂನ್‌ನಲ್ಲಿ ಒಂದು ಕಾರ್ಡ್ ಬಂತು, ದೊಡ್ಡ ಓರೆ ಅಕ್ಷರ:
"ನೀನು ಉತ್ತರ ಕಳಿಸಲೇ ಇಲ್ಲ.
ಕ್ಲಿಫರ್ಡ್ ಕೇಳ್ತಾ ಇದ್ದ.
ಕುದುರೆ ಚೆನ್ನಾಗಿದೆ."