ಮೂರು ಬೈಟು

ಇನಾಸ್ ಮಾಮ ಬರೆದರೆ ಸಾಕು, ಸಾಯುತ್ತಿತ್ತು.
ನಾನು ಬರೆದರೆ ಇಲ್ಲ, ಶಬೀನಾ ಬರೆದರೆ ಇಲ್ಲ,
ಬೈಂಡಿಂಗಿನ ಗಿಡ್ಡಪ್ಪ ಬರೀ ಹೆಬ್ಬೆಟ್ಟಿನ ಚಿತ್ರ ಕಳಿಸಿದರೂ ಇಲ್ಲ.
ಗೋಪಾಳದ ಮನೆಯಿಂದ ಮಾಮನ ತಿದ್ದುಪಡಿ ಬಂತೋ
ಕಿಟಕಿ ಒಮ್ಮೆ ಬೆಳ್ಳಗಾಗಿ
ಇದ್ದ ಜಾಗದಲ್ಲೇ ಇಲ್ಲವಾಗುತ್ತಿತ್ತು.
ತಪ್ಪಾಯಿತು ಎನ್ನುವ ಸೌಜನ್ಯವೂ ಇಲ್ಲ.

ದುರ್ಗಿಗುಡಿಯ ಮಹಡಿ ಮೇಲೆ ನಮ್ಮ ಅಂಗಡಿ:
ಬಿಲ್ ಪುಸ್ತಕ, ಮದುವೆಯ ಕರೆಯೋಲೆ,
ಎರಡು ಹಳೆ ಯಂತ್ರ, ಎರಡರಲ್ಲೂ ಲಿನಕ್ಸು,
ದುಡ್ಡಿಲ್ಲದೆ ಹಾಕಿಕೊಂಡದ್ದು, ಆಮೇಲೆ ಹಟಕ್ಕೆ ಉಳಿಸಿಕೊಂಡದ್ದು.
ಹರಟೆಯ ತಂತ್ರಾಂಶವೂ ಹಾಗೇ,
ಯಾರ್ಯಾರೋ ಬಿಡುವಿನಲ್ಲಿ ಬರೆದು ಬಾಗಿಲು ತೆರೆದಿಟ್ಟದ್ದು.
ಒಳಗೆ ಹೋಗಬಹುದು. ಹೋದವರು ಕಡಿಮೆ.

ಮೊದಲ ವಾರ ಎಲ್ಲರೂ ಮಾಡುವುದನ್ನೇ ಮಾಡಿದೆ.
ಕಿತ್ತು ಹಾಕಿದೆ. ಮತ್ತೆ ಕೂರಿಸಿದೆ.
ಹಿಂದಿನ ಆವೃತ್ತಿಗೆ ಇಳಿದೆ, ಮುಂದಿನದಕ್ಕೆ ಹತ್ತಿದೆ.
ಅಡಗಿಸಿಟ್ಟ ಫೋಲ್ಡರಿನ ಹೆಸರು ಬದಲಿಸಿ
ಹೊಸದಾಗಿ ಹುಟ್ಟು ಎಂದೆ.
ಹುಟ್ಟಿತು. ಮಾಮ 'ಹಲೋ' ಎಂದರು. ಬದುಕಿತ್ತು!
'ಕಾರ‍್ಯಕ್ರಮದ ಸಾಲು ನೋಡಮ್ಮ' ಎಂದರು. ಸತ್ತಿತು.

"ನಿಮ್ಮ ಮೇಲೇ ಅದಕ್ಕೆ ಮುನಿಸು" ಅಂತ ಶಬೀನಾ ಫೋನಿನಲ್ಲಿ ನಕ್ಕಳು.
ಮಾಮ ನಗಲಿಲ್ಲ.
ನಲವತ್ತೊಂದು ವರ್ಷ ಮೊಳೆ ಜೋಡಿಸಿದ ಕೈ.
"ನಾ ಬರ್ದಿದ್ರಲ್ಲೇ ತಪ್ಪಿರ್ಬೇಕು" ಎಂದು
ಮೂರು ದಿನ ಏನೂ ಬರೆಯಲಿಲ್ಲ.
ಯಂತ್ರ ಸಾಯುವುದಕ್ಕಿಂತ ಅದು ಕಷ್ಟವಾಯಿತು ನನಗೆ.

ರಾತ್ರಿ ಕಪ್ಪು ಪರದೆಯಿಂದ ಅದನ್ನು ಎಬ್ಬಿಸಿ,
ಪ್ರತಿ ಉಸಿರನ್ನೂ ಒದರು ಎಂದು ಆಣೆ ಹಾಕಿ,
ಸಾಲು ಸಾಲು ಓದಿದೆ. ಎಚ್ಚರಿಕೆ, ಎಚ್ಚರಿಕೆ,
ಯಾವುದೋ ಚಿತ್ರ ಸಿಗಲಿಲ್ಲ, ಯಾವುದೋ ಪದ್ಧತಿ ಹಳತಾಯಿತು,
ಬೀದಿ ಜಗಳದಲ್ಲಿ ಸಂಬಂಧವಿಲ್ಲದವರೇ ಹೆಚ್ಚು ಕೂಗುವ ಹಾಗೆ.
ಕೊನೆಗೆ ಒಂದು ಸಾಲು:
ಸೆಗ್ಮೆಂಟೇಶನ್ ಫಾಲ್ಟ್.
ತನ್ನದಲ್ಲದ ಜಾಗಕ್ಕೆ ಕಾಲಿಟ್ಟಿತು ಎಂದರ್ಥ.
ಯಾಕಿಟ್ಟಿತು, ಅದು ಹೇಳುವುದಿಲ್ಲ.

ಶನಿವಾರ ಮಾಮ ಮೆಟ್ಟಿಲು ಹತ್ತಿ ಬಂದರು,
ಜೇಬಿನಲ್ಲಿ ಬೆಂಕಿಪೊಟ್ಟಣ. ಬೀಡಿ ಬಿಟ್ಟು ಎಷ್ಟೋ ವರ್ಷ.
ತೆರೆದು ನನ್ನ ಅಂಗೈಗೆ ಸೀಸದ ತುಂಡೊಂದನ್ನು ಸುರಿದರು.
"ಓದು."
ತಿರುಗಿಸಿದೆ. ಯಾವ ಮಗ್ಗುಲಲ್ಲೂ ಅಕ್ಷರವಿಲ್ಲ.
"ಏನೂ ಇಲ್ವಲ್ಲ ಮಾಮ."
"ಜಾಗ ಕಣಮ್ಮ ಅದು. ಎರಡು ಪದದ ನಡುವಿನ ಜಾಗ.
ಅಚ್ಚಿಗೆ ಬೀಳಲ್ಲ, ಆದ್ರೆ ತೂಕ ಇದೆ ನೋಡು.
ಇದನ್ನ ಲೆಕ್ಕಕ್ಕೆ ಹಿಡೀದೆ ಚೌಕಟ್ಟು ಬಿಗಿದ್ರೆ
ಎತ್ತಿದಾಗ ಪುಟ ಪೂರಾ ಕಾಲ್ಮೇಲೆ."

ಅವರು ಇಳಿದುಹೋದ ಮೇಲೂ ಅಂಗೈ ತಣ್ಣಗಿತ್ತು.
ಅವರ ಸಂದೇಶವನ್ನು ಬಿಡಿಸಿ ಬೈಟು ಬೈಟಾಗಿ ಹರಡಿದೆ.
ಕ, ಮೂರು ಬೈಟು. ದೀರ್ಘ, ಮೂರು. ರ, ಮೂರು.
ಆಮೇಲೆ ಏನೂ ಇಲ್ಲದ್ದು, ಅದಕ್ಕೂ ಮೂರು:
ಇ ಎರಡು, ಎಂಟು ಸೊನ್ನೆ, ಎಂಟು ಡಿ.

ಮಾಮ ಅರ್ಕಾವತ್ತು ಒಲ್ಲರು.
ಬಾಯಿಗೆ ಮೊದಲು ಬಂದ ರಕಾರ
ಸಾಲಿನಲ್ಲಿ ಹಿಂದೆ ಕೂರುವುದೇನು ಎಂದು
'ರ‍್ಯ' ಎಂದೇ ಕೂಡಿಸುತ್ತಾರೆ,
ನಡುವೆ ಕಾಣದ ಬೆಸುಗೆಯೊಂದನ್ನು ಇಟ್ಟು.
ನಮ್ಮ ತಂತ್ರಾಂಶ ಚೀಲ ಹೊಲಿಯುವಾಗ
ಕಾಣುವುದನ್ನಷ್ಟೇ ಎಣಿಸಿತ್ತು,
ತುಂಬುವಾಗ ಎಲ್ಲವನ್ನೂ ತುಂಬಿತ್ತು.
ಅಷ್ಟೇ. ಇಷ್ಟು ದಿನದ ಸಾವಿಗೆ ಅಷ್ಟೇ.

ತಿದ್ದಿದ್ದು ಒಂದೇ ಸಾಲು. ಬರೆದವರಿಗೂ ಕಳಿಸಿದೆ.
ಯಾವುದೋ ದೇಶದ ಒಬ್ಬ ಕೇಳಿದ:
ನಿಮ್ಮ ಲಿಪಿಯಲ್ಲಿ ಕಾಣದ ಅಕ್ಷರವೂ ಇದೆಯೇ?
ಉದ್ದದ ಉತ್ತರ ಅರ್ಧ ಬರೆದು ಅಳಿಸಿದೆ. ಹೌದು, ಎಂದೆ.

ಸೋಮವಾರ ಹನ್ನೊಂದಕ್ಕೆ ಮಾಮನ ಸಂದೇಶ.
ಶಬೀನಾ ಉಸಿರು ಹಿಡಿದಿದ್ದಳು.
ಕಿಟಕಿ ಬೆಳ್ಳಗಾಗಲಿಲ್ಲ.
'ಶುಭಕಾರ‍್ಯ ಸರಿಯಿದೆ. ಕೆಳಗಿನ ಸಾಲಲ್ಲಿ
ವರನ ತಂದೆಯ ಹೆಸರೇ ಬಿಟ್ಟುಹೋಗಿದೆ.'