ಎರಡು ಇಂಚು

ಟೇಕಲ್ಲಿನ ರೈಲ್ವೆ ಗೇಟಿನ ಪಕ್ಕ ನನ್ನ ಅಂಗಡಿ.
ರೈಲು ಹೋದರೆ ಸೂಜಿಯೂ ನಡುಗುತ್ತದೆ.
ಮೂವತ್ತು ವರ್ಷದಿಂದ ಈ ಊರಿನ ಸೊಂಟ, ಭುಜ, ತೋಳು
ನನ್ನ ಅಳತೆ ಪುಸ್ತಕದಲ್ಲಿವೆ.
ಚಲಪತಿಯದೂ ಇದೆ:
ಎದೆ ಇಪ್ಪತ್ತಾರು, ಸೊಂಟ ಇಪ್ಪತ್ಮೂರು,
ಆರನೇ ಕ್ಲಾಸಿಗೆ ಮೊದಲ ಉದ್ದ ಪ್ಯಾಂಟು.
'ಎರಡು ಇಂಚು ಒಳಗೆ ಮಡಚಿಡಿ ಸಾಬ್ರೆ,
ಬೆಳೆಯೋ ಹುಡುಗ' ಅಂದಿದ್ದಳು ಮುನಿರತ್ನಮ್ಮ,
ತಲೆಗೂದಲಲ್ಲಿ ಕ್ವಾರಿಯ ಕಲ್ಲುಹಿಟ್ಟು ಹಾಗೇ ಇತ್ತು.
ಮಡಚಿಟ್ಟೆ. ಹೊಲಿಗೆ ಸಡಿಲ ಹಾಕಿದೆ,
ಬಿಚ್ಚುವಾಗ ಬಟ್ಟೆ ಹರಿಯದಿರಲೆಂದು.

ಬಿಚ್ಚುವ ಪ್ರಸಂಗ ಬರಲಿಲ್ಲ.

ಕಲ್ಲು ತೆಗೆದು ಕಾಸು ಮಾಡಿಕೊಂಡವರು
ಹೊಂಡವನ್ನು ಮಾತ್ರ ನಮಗೆ ಬಿಟ್ಟು ಹೋಗಿದ್ದರು.
ಬೇಲಿಯಿಲ್ಲ, ಬೋರ್ಡಿಲ್ಲ.
ಎರಡು ಮಳೆಗಾಲಕ್ಕೆ ತುಂಬಿ ನೀಲಿಯಾಯಿತು,
ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದ ನೀಲಿ.
ಭಾನುವಾರ ನಾಲ್ಕು ಹುಡುಗರು ಹೋದರು.
ಮೂವರು ಓಡಿ ಬಂದರು.
ದಡದಲ್ಲಿ ಪ್ಯಾಂಟು, ಅಂಗಿ, ಒಪ್ಪವಾಗಿ ಮಡಚಿ,
ಗಾಳಿಗೆ ಹಾರದಂತೆ ಮೇಲೊಂದು ಜಲ್ಲಿಕಲ್ಲು.
ಮಾಲೂರಿನಿಂದ ಅಗ್ನಿಶಾಮಕದವರು ಬರುವಷ್ಟರಲ್ಲಿ
ಅವಳ ಕೂಗು ನಿಂತುಹೋಗಿತ್ತು.
ಸುತ್ತ ನೆರೆದವರು ನೂರು ಜನ.
ಈಜು ಬರುವವರು ಒಬ್ಬರೂ ಇರಲಿಲ್ಲ.
ಹೇಳಿಕೊಳ್ಳಲು ನಾಚಿಕೆ, ನನಗೂ ಬಾರದು.

ಒಂದು ವರ್ಷ ಅವಳು ಗೇಟಿನ ಈಚೆಗೆ ಬರಲಿಲ್ಲ.
ಬಂದವಳು ಕೇಳಿದ್ದು:
'ನೀರಲ್ಲಿ ಭಾರ ಆಗದಂಥ ಬಟ್ಟೆ ಹೊಲೀತೀರಾ?'
ನನ್ನ ಎದೆ ಧಸಕ್ಕೆಂದಿತು.
ನನ್ನ ಮುಖ ನೋಡಿ ನಕ್ಕಳು,
ಆ ವರ್ಷದ ಮೊದಲ ನಗುವೋ ಏನೋ.
'ಸಾಯೋಕಾದ್ರೆ ಸೀರೆ ಸಾಕಾಗಿತ್ತಲ್ಲ ಸಾಬ್ರೆ,
ಕಲಿಯೋಕೆ.'

ಊರು ಆಡಿಕೊಂಡಿತು:
ಮಗನ್ನ ನುಂಗಿದ ನೀರಲ್ಲಿ ಇವಳಿಗೆ ಆಟ.
ಗಂಡ ಮೂರು ದಿನ ಮಾತು ಬಿಟ್ಟ.
ತೋಟದ ಮೆಟ್ಟಿಲು ಬಾವಿಯಲ್ಲಿ
ಎಪ್ಪತ್ತರ ಪಿಳ್ಳಪ್ಪ ಮೇಲೆ ಕೂತು ಬೈಯುತ್ತಾ ಕಲಿಸಿದ.
ನಲವತ್ತೊಂದರ ಹೆಂಗಸು, ಬೆನ್ನಿಗೆ ಸೋರೆಬುರುಡೆ,
ಕುಡಿದ ನೀರಿಗೆ ಲೆಕ್ಕವಿಲ್ಲ,
ಮೂಗಲ್ಲಿ, ಕಿವಿಯಲ್ಲಿ, ಕಣ್ಣಲ್ಲಿ ನೀರು.
ಕಣ್ಣಿನದು ಯಾವ ನೀರು ಅಂತ ಯಾರಿಗೂ ತಿಳಿಯದ ಜಾಗ
ಅದೊಂದೇ ಇತ್ತು ಅವಳಿಗೆ, ಬಹುಶಃ.
ಒಂದು ಬೆಳಿಗ್ಗೆ ಬುರುಡೆಯ ಹಗ್ಗ ತಾನೇ ಕಳಚಿಕೊಂಡಿತು.
ಅವಳಿಗೆ ಗೊತ್ತೇ ಆಗಲಿಲ್ಲ.

ಆಮೇಲಿನದು ಊರಿಗೆಲ್ಲ ಗೊತ್ತು.
ಹೊಂಡಕ್ಕೆ ಬೇಲಿ ಕೇಳಿ ಹನ್ನೊಂದು ಅರ್ಜಿ,
ಹನ್ನೆರಡನೆಯದು ಬರೆಯದೆ ಜಾಲಿಮುಳ್ಳು ಕಡಿದು
ತಾನೇ ಸುತ್ತಲೂ ಒಟ್ಟಿದಳು.
ಭಾನುವಾರ ಬಾವಿಗೆ ಮಕ್ಕಳು, ಹುಡುಗಿಯರೂ,
ಹುಣಸಿಕೋಟೆಯಿಂದ ಕೂಡ ಸೈಕಲ್ ತುಳಿದುಕೊಂಡು.
ಖಾಲಿ ಎಣ್ಣೆ ಕ್ಯಾನು ಬೆನ್ನಿಗೆ ಬಿಗಿಯಲು
ಪಟ್ಟಿ ಹೊಲಿಯುವವನು ನಾನು.
ಕೂಲಿ ತೆಗೆದುಕೊಂಡದ್ದು ಮೊದಲ ಸಲ ಮಾತ್ರ,
ಅದೂ ಅವಳು ಮೇಜಿನ ಮೇಲೆ ಇಟ್ಟು ಹೊರಟುಬಿಟ್ಟಳೆಂದು.
ಇಪ್ಪತ್ತು ಪಟ್ಟಿಗೆ ಅಳತೆ ಹೇಳುವಾಗ
ಅವಳ ದನಿ ಒಂದು ಕಡೆ ತಡೆಯಿತು:
'ಎರಡು ಇಂಚು ಹೆಚ್ಚೇ ಬಿಡಿ ಸಾಬ್ರೆ.
ಬೆಳೀತಾರೆ.'
ಆಗ ರೈಲು ಬಂದದ್ದು ಒಳ್ಳೆಯದಾಯಿತು.
ಇಬ್ಬರೂ ಗಾಡಿ ಹೋಗುವವರೆಗೆ ಡಬ್ಬಿ ಎಣಿಸಿದೆವು.

ನೀರಿಗಿಳಿಯುವ ಮೊದಲು ತಲೆ ಎಣಿಸುತ್ತಾಳೆ.
ಕಣದಲ್ಲಿ ರಾಗಿ ಅಳೆಯುವವರ ಹಾಗೆ
ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾಳೆ.
ಲಾಭ, ಎರಡು, ಮೂರು, ನಾಲ್ಕು...
ಮೇಲೆ ಬಂದಾಗ ಮತ್ತೆ ಅದೇ, ಒದ್ದೆ ತಲೆ ಮುಟ್ಟಿ ಮುಟ್ಟಿ.
ಯಾಕೆ ಹಾಗೆ ಅಂತ ನಾನು ಕೇಳಿಲ್ಲ.

ನನ್ನ ಸೊಂಟ ಮೂವತ್ತೆಂಟು. ವಯಸ್ಸು ಅರವತ್ತೆರಡು.
ನನಗೂ ಒಂದು ಪಟ್ಟಿ ಕತ್ತರಿಸಿಟ್ಟು ಮೂರು ತಿಂಗಳಾಯಿತು,
ಮಷೀನಿನ ಡ್ರಾಯರಿನಲ್ಲಿದೆ.
ಬಾಗಿಲ ಮುಂದೆ ಹಾದುಹೋಗುವಾಗೆಲ್ಲ ಅವಳು ಕೇಳುತ್ತಾಳೆ,
'ಏನ್ ಸಾಬ್ರೆ, ಈ ಭಾನುವಾರನಾ?'
ಮಳೆ ನಿಲ್ಲಲಿ ಅನ್ನುತ್ತೇನೆ.
ಮಳೆ ಯಾವತ್ತೋ ನಿಂತಿದೆ.