ಕಾಲು ಮಗ್ಗಿ

ಏಳೇಳ್ಲ ನಲವತ್ತೊಂಬತ್ತು ಬಾರದಿದ್ದಕ್ಕೆ
ವಡಾಳದ ಕನ್ನಡ ಶಾಲೆಯಲ್ಲಿ
ಗುರುನಾಥ ಮಾಸ್ತರರು ನನ್ನನ್ನು
ಒಂಟಿಕಾಲ ಮೇಲೆ ನಿಲ್ಲಿಸಿದ್ದರು, ಗಂಟೆ ಹೊಡೆಯುವ ತನಕ.

ಐವತ್ತು ವರ್ಷ ಕಳೆದು
ಅದೇ ವಡಾಳದ ಮೈದಾನದಲ್ಲಿ
ಹನ್ನೆರಡು ಹುಡುಗಿಯರು ಸಾಲಾಗಿ ಒಂಟಿಕಾಲಲ್ಲಿ;
ಬಾಯಲ್ಲಿ ಏಳರ ಮಗ್ಗಿ, ಅದೂ ಕೊನೆಯಿಂದ ಮೊದಲಿಗೆ:
ಎಪ್ಪತ್ತು, ಅರವತ್ತಮೂರು, ಐವತ್ತಾರು...
ನಡುನಡುವೆ ಟೆನ್ನಿಸ್ ಚೆಂಡು ಎಸೆಯುತ್ತಾಳೆ
ಫಿಸಿಯೋ ಮೃಣ್ಮಯಿ ಗುಪ್ತೆ.
ಹಿಡಿಯಬೇಕು. ಲೆಕ್ಕ ತಪ್ಪಬಾರದು. ಮಂಡಿ ಒಳಕ್ಕೆ ವಾಲಬಾರದು.

ನಾನು ನಕ್ಕಿದ್ದೆ ಮೊದಲ ದಿನ.
ಕಬಡ್ಡಿ ಕೋಚು ನಾನು, ಲೆಕ್ಕದ ಮೇಷ್ಟ್ರಲ್ಲ ತಾಯಿ,
ತೊಡೆ ಗಟ್ಟಿಯಿದ್ದರೆ ಸಾಕು, ಇನ್ನೂರು ಬೈಠಕ್ ಹೊಡೆಸು, ಅಂದೆ.
ಅವಳು ನನ್ನ ಬಲಮಂಡಿ ನೋಡಿದಳು,
ಅದರ ಮೇಲೆ ಜರಿಹುಳದಂತೆ ಮಲಗಿದ ಹೊಲಿಗೆಯ ಗುರುತು.
"ಸರ್, ಇದು ಮುರಿದ ದಿನ ನಿಮ್ಮ ತೊಡೆ ಸಣ್ಣದಿತ್ತೇ?"

ಇರಲಿಲ್ಲ.
ತೊಂಬತ್ತೊಂದರ ಸೆಮಿಫೈನಲ್, ಲಾಲ್‌ಬಾಗ್,
ಮಣ್ಣಿನ ಅಂಕಣ, ಹಗ್ಗದಾಚೆ ಮಿಲ್ಲಿನ ಜನ,
ಕೊನೆಯ ರೇಡು ನನ್ನದು.
ಎರಡು ಅಂಕ ಬೇಕು, ಎಷ್ಟು ಸೆಕೆಂಡು ಉಳಿದಿದೆ ಎಂದು
ಒಂದು ಕ್ಷಣ, ಬರೀ ಒಂದು ಕ್ಷಣ
ಮನಸ್ಸು ಗಡಿಯಾರದ ಕಡೆ ಹೋಯಿತು,
ಕಾಲು ಒಂಟಿಯಾಗಿ ನೆಲಕ್ಕಿಳಿಯಿತು.
ಪಟ್ ಅಂದದ್ದು ಹಗ್ಗದಾಚೆಗೂ ಕೇಳಿತಂತೆ.
ಯಾರೂ ಹಿಡಿದಿರಲಿಲ್ಲ, ಯಾರ ಬೆರಳೂ ತಾಗಿರಲಿಲ್ಲ.
ಯಾರೂ ಮುಟ್ಟದೆ ಔಟಾದವನು ನಾನು.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
ಮರುದಿನ ಚೆಂಡಿನ ಚೀಲ ನಾನೇ ಹೊತ್ತು ತಂದೆ.

ಬಣ್ಣದ ದೀಪ ಮಿನುಗುವ ಯಂತ್ರ ಸಿಗುತ್ತದಂತೆ, ಬೆಲೆ ಕೇಳಿ ಸುಮ್ಮನಾದೆವು.
ನಮ್ಮಲ್ಲಿ ಮೊಬೈಲಿನ ಟಾರ್ಚಿಗೆ
ಮಿಠಾಯಿ ಡಬ್ಬಿಯ ಬಣ್ಣದ ಕಾಗದ.
ಕೆಂಪಾದರೆ ಎಡಕ್ಕೆ ಜಿಗಿ, ಹಸಿರಾದರೆ ಬಲಕ್ಕೆ,
ಹಳದಿಯಾದರೆ ನಿಂತಲ್ಲೇ ನಿಲ್ಲು.
ಹಳದಿಯೇ ಕಷ್ಟ.
ಹೊರಟ ಮೈಯನ್ನು ಹಿಂದಕ್ಕೆ ಕರೆಯುವುದು
ಯಾವ ಬೈಠಕ್ಕಿನಿಂದಲೂ ಬರುವುದಿಲ್ಲ.

ಜಿಗಿದು ಇಳಿದಾಗ ಸದ್ದಾದರೆ ಮೃಣ್ಮಯಿಯ ಹುಬ್ಬು ಏರುತ್ತದೆ:
"ಗೋಣಿಚೀಲ ಒಗೆದಂತಲ್ಲ,
ಮಲಗಿದ ಮಗುವಿನ ಪಕ್ಕ ತಟ್ಟೆ ಇಡುವಂತೆ."

ಸ್ನೇಹಲ್ ಹಡಪದ ಕೇಳಿದಳು:
ಕಬಡ್ಡಿ ಕಬಡ್ಡಿ ಅನ್ನುತ್ತಲೇ ಓಡುತ್ತೇವಲ್ಲ ಸರ್,
ಬಾಯಿಗೊಂದು ಕೆಲಸ, ಕಾಲಿಗೊಂದು, ಮೊದಲೇ ಇಲ್ಲವೇ?
ಜಾಣೆ. ಧಾರಾವಿಯಲ್ಲಿ ಮೂರನೆಯ ತಲೆಮಾರು,
ಕನ್ನಡ ಆಡುತ್ತಾಳೆ ಮರಾಠಿಯ ರಾಗದಲ್ಲಿ.
ಇದೆ ಮಗಳೇ, ಅಂದೆ,
ಆದರೆ ಬಾಯಿಪಾಠವಾದದ್ದು ಕಾವಲು ಕಾಯುವುದಿಲ್ಲ.
ಬಾಯಿ ತನ್ನಷ್ಟಕ್ಕೆ ಗುನುಗುತ್ತಿರುತ್ತದೆ,
ಮನಸ್ಸು ಬೀಗ ಹಾಕದೆ ತಿರುಗಾಟಕ್ಕೆ ಹೊರಡುತ್ತದೆ.
ಅದಕ್ಕೇ ಏಳರದು ಸಲೀಸಾದ ವಾರವೇ
ಹದಿಮೂರಕ್ಕೆ ಹಾರಿದ್ದಾಳೆ ಡಾಕ್ಟರಮ್ಮ.

ಮನೆಗೆಲಸ ಬೇರೆ: ಲೋಕಲ್‌ನಲ್ಲಿ ಕಂಬಕ್ಕೆ ಒಂದೇ ಬೆರಳು ತಾಗಿಸಿ
ಸ್ಟೇಷನ್ನುಗಳನ್ನು ಹಿಂದಿನಿಂದ ಹೇಳುವುದು.
ಮಾನ್‌ಖುರ್ದ್, ಗೋವಂಡಿ, ಚೆಂಬೂರ್...
ಮೀನಿನ ಬುಟ್ಟಿಯ ಹೆಂಗಸರು ಬೈದರಂತೆ:
ದೇವರು ಎರಡು ಕೊಟ್ಟಿದ್ದಾನೆ, ಎರಡನ್ನೂ ಊರೇ!

ಜನವರಿಯ ಪಂದ್ಯ ಸೋತೆವು, ಮೂರು ಅಂಕದಿಂದ.
ಕೊನೆಯ ರೇಡು ಸ್ನೇಹಲಳದು.
ಇಬ್ಬರು ಕೈ ಕೋದು ಅಡ್ಡ ಬಂದರು, ಹಾರಿದಳು,
ಗಾಳಿಯಲ್ಲಿರುವಾಗಲೇ ಯಾರೋ ಅವಳ ಹೆಸರು ಕೂಗಿದರು.
ನಾನು ಕಣ್ಣು ಮುಚ್ಚಿದೆ, ಆ ಪಟ್‌ಗೆ ಕಾದು.
ತಟ್ಟೆ ಇಟ್ಟಷ್ಟೇ ಸದ್ದು.
ಮೂರನೆಯವಳು ಸೊಂಟ ಹಿಡಿದು ಕೆಡವಿದಳು, ಔಟು.
ಮೊಣಕೈ ಒರೆಸಿಕೊಂಡು ಎದ್ದಳು, ನಡೆದು ಬಂದಳು.
ಸೋತವಳ ನಡಿಗೆ
ಇಷ್ಟು ಚಂದ ಕಾಣಬಹುದೆಂದು ಗೊತ್ತಿರಲಿಲ್ಲ.

ರಾತ್ರಿ ಹತ್ತರ ಗಾಡಿ. ಡಬ್ಬಿ ಅರ್ಧ ಖಾಲಿ.
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು
ಅರವತ್ತೆರಡರ ನಾನು, ಊರುಗೋಲು ಬಗಲಿಗಿಟ್ಟು
ಎಡಗಾಲು ಎತ್ತಿದೆ.
ಒಂದ್ ಕಾಲು ಕಾಲು,
ಎರಡ್ ಕಾಲು ಅರೆ,
ಮೂರ್ ಕಾಲು ಮುಕ್ಕಾಲು,
ಕುರ್ಲಾದಲ್ಲಿ ಗಾಡಿ ಜಗ್ಗಿತು.
ಕಂಬ ಹಿಡಿದೆ.
ಮತ್ತೆ ಒಂದರಿಂದ.